ಹೋಗಿದ್ದು ವೈರು, ಬಿಲ್ಲು ಮೋಟಾರಿಗೆ!

ಕಾರಿನ ಒಂದು ಬಾಗಿಲು ಲಾಕ್ ಆಗ್ತಿಲ್ಲ ಎಂದು ಗ್ಯಾರೇಜಿಗೆ ಹೋದವನಿಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಮೋಟಾರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು.' ಮೋಟಾರು ಬಂತು, ಬಿಲ್ಲೂ ಬಂತು. ಹದಿನೈದು ದಿನಕ್ಕೆ ಮತ್ತೆ ಅದೇ ರಾಗ. ಈ ಸಲ ಕಂಟ್ರೋಲ್ ಬಾಕ್ಸೇ ಹೋಗಿದೆಯಂತೆ! ಇದು ರಿಪೇರಿಯೋ, ಸುಲಿಗೆಯೋ?

ಸೆಂಟ್ರಲ್ ಲಾಕಿನಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಬಾಗಿಲೊಳಗಿನ ಪುಟ್ಟ ಮೋಟಾರಿಗೆ 12 ವೋಲ್ಟ್ ಕರೆಂಟು ಒಂದು ಕಡೆಯಿಂದ ಹರಿದರೆ ಲಾಕ್, ತಿರುಗಿ ಹರಿದರೆ ಅನ್‌ಲಾಕ್. ಆ ವೈರುಗಳು ಕಾರಿನ ಬಾಡಿಯಿಂದ ಬಾಗಿಲಿಗೆ ದಾಟುವುದು ಕೀಲಿನ ಪಕ್ಕದ ರಬ್ಬರ್ ಕೊಳವೆಯೊಳಗೆ. ಬಾಗಿಲು ತೆಗೆದಾಗಲೊಮ್ಮೆ, ಹಾಕಿದಾಗಲೊಮ್ಮೆ ಅವು ಬಾಗಲೇಬೇಕು. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಮದುಮಗನ ಹಾಗೆ ನೆಟ್ಟಗಿರುತ್ತದೆ! ಅತಿ ಹೆಚ್ಚು ತೆರೆಯುವ ಡ್ರೈವರ್ ಬಾಗಿಲಿಗೇ ಈ ಕಾಟ ಜಾಸ್ತಿ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಕನೆಕ್ಟರಿನ ಪಿನ್ನಿಗೆ ಹಿಡಿಯುವ ಹಸಿರು ಕಿಲುಬು ಬೇರೆ.

ನಾಲ್ಕೂ ಬಾಗಿಲು ಒಟ್ಟಿಗೆ ಮುಷ್ಕರ ಹೂಡಿದರೆ ಮೊದಲು ಫ್ಯೂಸ್ ನೋಡಬೇಕು. ಒಂದೇ ಬಾಗಿಲಾದರೆ ಒಬ್ಬ ಸ್ವಿಚ್ ಒತ್ತುತ್ತಿರಲಿ, ಇನ್ನೊಬ್ಬ ಬಾಗಿಲನ್ನು ಮೆಲ್ಲಗೆ ಆಡಿಸಲಿ. ಯಾವುದೋ ಒಂದು ಕೋನದಲ್ಲಿ ಟಕ್ ಎಂದಿತೋ, ಕಳ್ಳ ಆ ರಬ್ಬರಿನೊಳಗೇ ಇದ್ದಾನೆ. ಮೀಟರ್ ಹಿಡಿಯುವುದಾದರೆ ಮೋಟಾರಿನ ಪ್ಲಗ್ ಬಿಚ್ಚದೆ ಹಿಡಿಯಬೇಕು. ಬಿಚ್ಚಿದರೆ ಒಂದೇ ಎಳೆ ಉಳಿದ ವೈರೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಪ್ಲಗ್ ಇದ್ದಾಗಲೂ, ಸ್ವಿಚ್ ಒತ್ತಿದೊಡನೆ ಪೂರ್ತಿ ವೋಲ್ಟೇಜ್ ಬಂದೂ ಲಾಕ್ ಅಲುಗದಿದ್ದರೆ ಆಗ ಮೋಟಾರನ್ನು ಬೈಯಿರಿ.

ಕಡಿದ ವೈರನ್ನು ಹೊಸೆದು ಟೇಪು ಸುತ್ತುವುದು ರಿಪೇರಿಯಲ್ಲ. ಮೆದು ವೈರಿನ ಹೊಸ ತುಂಡು ಹಾಕಿ, ಬಾಗುವ ಜಾಗದಿಂದ ಆಚೆ ಬೆಸುಗೆ ಹಾಕಬೇಕು. ಸುಟ್ಟ ಫ್ಯೂಸಿಗೆ ಬೆಳ್ಳಿಕಾಗದ ತುರುಕುವ ಶೂರರು ಮಾತ್ರ ದಯವಿಟ್ಟು ಕಾರಿನಿಂದ ದೂರ ಇರಲಿ. ಅದು ಬೆಂಕಿಗೆ ಆಹ್ವಾನ.

ದುಡ್ಡಿನ ಮಾತು ಹಾಗಿರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಗು ಮತ್ತು ಕೀ ಎರಡೂ ಇದ್ದು, ವೈರು ವೈರು ತಾಗಿ ಲಾಕ್ ತಾನಾಗಿ ಬಿದ್ದರೆ? ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಬಾಗಿಲು ಒಮ್ಮೆ ಕೈಕೊಟ್ಟರೂ ಅದನ್ನು ಸಣ್ಣ ತೊಂದರೆ ಎಂದು ಮುಂದೂಡುವ ಹಾಗಿಲ್ಲ. ಎರಡನೇ ಕೀಯನ್ನು ಮನೆಯಲ್ಲಿ ಕೈಗೆ ಸಿಗುವಂತೆ ಇಟ್ಟಿರಬೇಕು. ರಿಮೋಟ್ ಬಂದ ಮೇಲೆ ಯಾರೂ ಮುಟ್ಟದ ಡ್ರೈವರ್ ಬಾಗಿಲಿನ ಕೀಲಿಕಂಡಿ ಇನ್ನೂ ತಿರುಗುತ್ತದೆಯೇ ಎಂದು ಇವತ್ತು ಸಂಜೆಯೇ ನೋಡಿಬಿಡಿ.