ಒಂದೇ ಹೆಸರಿನ ಎರಡು ಊರು

2015ರಲ್ಲಿ ಸಿರಿಯಾದ ಪಾಲ್ಮೈರಾ ಎಂಬ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಐಸಿಸ್ ಉಗ್ರರು ಅಲ್ಲಿನ ಪುರಾತನ ಕಟ್ಟಡಗಳನ್ನು ಸ್ಫೋಟಿಸಿದ ಸುದ್ದಿ ಕೇಳಿ ಜಗತ್ತೇ ಮರುಗಿತು. ಆದರೆ ಆ ಕಲ್ಲುಗಂಬಗಳ ಪಕ್ಕದಲ್ಲೇ ಸುಮಾರು ಐವತ್ತು ಸಾವಿರ ಜನರ ಒಂದು ಊರಿತ್ತೆಂಬುದು ಎಷ್ಟು ಮಂದಿಗೆ ಗೊತ್ತಿತ್ತು?

ಪಾಲ್ಮೈರಾ ಎಂಬುದು ಗ್ರೀಕರು ಮತ್ತು ರೋಮನರು ಬಳಸಿದ ಹೆಸರು. ಅರಬಿಯಲ್ಲಿ ಹಾಳು ನಗರಕ್ಕೂ ಪಕ್ಕದ ಊರಿಗೂ ತದ್ಮುರ್ ಎಂದೇ ಹೆಸರು. ಹೊರಗಿನವರಿಗೆ ಗೊಂದಲವಾಗುವುದು ಇಲ್ಲಿಯೇ.

ಹಳೆಯ ನಗರವು ಮರುಭೂಮಿಯ ಓಯಸಿಸ್‌ನಲ್ಲಿ ಬೆಳೆದದ್ದು. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಚೀನಾದ ರೇಷ್ಮೆ, ಭಾರತದ ಸಾಂಬಾರ ಪದಾರ್ಥಗಳು ಒಂಟೆಗಳ ಮೇಲೆ ಇಲ್ಲಿಂದ ಹಾದುಹೋಗುತ್ತಿದ್ದವು. ಪತಿಯ ಹತ್ಯೆಯ ಬಳಿಕ ಎಳೆಯ ಮಗನ ಪರವಾಗಿ ಆಡಳಿತ ವಹಿಸಿಕೊಂಡ ರಾಣಿ ಝೆನೋಬಿಯಾ ಈಜಿಪ್ಟ್‌ವರೆಗೆ ರಾಜ್ಯ ವಿಸ್ತರಿಸಿದಳು. 272ರಲ್ಲಿ ರೋಮ್ ಚಕ್ರವರ್ತಿ ಅರೇಲಿಯನ್ ಅವಳನ್ನು ಸೋಲಿಸಿದ. ಮರುವರ್ಷ ನಗರವೇ ಲೂಟಿಯಾಯಿತು.

ಅಷ್ಟಕ್ಕೇ ಅಲ್ಲಿ ಜನವಾಸ ಮುಗಿಯಲಿಲ್ಲ. ಕ್ರಿ.ಶ. 32ರಲ್ಲಿ ಬೇಲ್ ಎಂಬ ದೇವತೆಗೆ ಅರ್ಪಿತವಾದ ದೇವಾಲಯ ಮುಂದೆ ಚರ್ಚ್ ಆಯಿತು, ಬಳಿಕ ಮಸೀದಿಯಾಯಿತು. ಅದರ ವಿಶಾಲವಾದ ಅಂಗಳದೊಳಗೆ ಮಣ್ಣಿನ ಮನೆಗಳನ್ನು ಕಟ್ಟಿಕೊಂಡು ಹಳ್ಳಿಗರು ತಲೆಮಾರುಗಳ ಕಾಲ ಬದುಕಿದರು. 1930ರ ಆಸುಪಾಸಿನಲ್ಲಿ ಫ್ರೆಂಚ್ ಆಡಳಿತವು ಉತ್ಖನನಕ್ಕಾಗಿ ಅವರನ್ನು ಅಲ್ಲಿಂದ ಎಬ್ಬಿಸಿ, ಪಕ್ಕದಲ್ಲಿ ಹೊಸ ಊರು ಕಟ್ಟಿಸಿತು. ಅದೇ ಇಂದಿನ ತದ್ಮುರ್. ಅಂದರೆ, ಈ ಊರು ಹಾಳು ನಗರದ ಬಳಿ ಬಂದು ನೆಲೆಸಿದ ಪರಕೀಯರದ್ದಲ್ಲ, ಅದರೊಳಗಿಂದಲೇ ಹೊರಬಂದವರದ್ದು.

ಈ ಎರಡೂ ಊರುಗಳಿಗೆ ಸೇರಿದ ಒಬ್ಬರಿದ್ದರು, ಖಾಲಿದ್ ಅಲ್ ಅಸಅದ್. ತದ್ಮುರ್‌ನಲ್ಲೇ ಹುಟ್ಟಿ, ನಲ್ವತ್ತು ವರ್ಷ ಪಾಲ್ಮೈರಾದ ಪ್ರಾಚ್ಯವಸ್ತುಗಳ ಉಸ್ತುವಾರಿ ನೋಡಿಕೊಂಡವರು. ತಮ್ಮ ಮಗಳಿಗೂ ಝೆನೋಬಿಯಾ ಎಂದೇ ಹೆಸರಿಟ್ಟಿದ್ದರು. 2015ರ ಆಗಸ್ಟ್‌ನಲ್ಲಿ ಐಸಿಸ್ ಉಗ್ರರು ಎಂಬತ್ತು ದಾಟಿದ ಈ ವೃದ್ಧರ ಶಿರಚ್ಛೇದ ಮಾಡಿದರು. ಬಚ್ಚಿಟ್ಟ ವಸ್ತುಗಳ ಜಾಗವನ್ನು ಅವರು ಬಾಯಿಬಿಡಲಿಲ್ಲವೆಂದು ವರದಿಯಾಗಿತ್ತು. ಅದೇ ತಿಂಗಳು ಬೇಲ್ ದೇವಾಲಯವೂ ಉರುಳಿತು. ಶತಮಾನಗಳ ಕಾಲ ಮುಸ್ಲಿಮರು ನಮಾಝ್ ಮಾಡಿದ್ದ ಆ ಕಟ್ಟಡವನ್ನು ಧರ್ಮದ ಹೆಸರು ಹೇಳಿಯೇ ಉರುಳಿಸಿದರು!

ಕಲ್ಲುಗಳ ಲೆಕ್ಕ ಸಿಕ್ಕಿತು. ಜನರ ಗತಿಯೇನಾಯಿತು? ಹಲವರು ಹೋಮ್ಸ್ ನಗರಕ್ಕೆ ಹೋದರು. ಕೆಲವರು ಜೋರ್ಡಾನ್ ಗಡಿಯ ರುಕ್ಬಾನ್ ಶಿಬಿರದಲ್ಲಿ ನೀರಿಗೂ ಬ್ರೆಡ್ಡಿಗೂ ಪರದಾಡುತ್ತಾ ವರ್ಷಗಳನ್ನು ಕಳೆದರು. 2024ರ ಡಿಸೆಂಬರ್‌ನಲ್ಲಿ ಅಸದ್ ಆಡಳಿತ ಕುಸಿದ ಮೇಲೆ ಕೆಲವು ಕುಟುಂಬಗಳು ಮರಳಿದವು. ಅವರನ್ನು ಎದುರುಗೊಂಡದ್ದು ಕುಸಿದ ಮನೆಗಳು. ಆ ಶಿಬಿರ 2025ರಲ್ಲಿ ಮುಚ್ಚಿತು.

ಪಾಲ್ಮೈರಾದ ಸಮಾಧಿಗಳಲ್ಲಿ ಸ್ತ್ರೀಯರ ಕಲ್ಲಿನ ಪ್ರತಿಮೆಗಳಿವೆ. ತಲೆಯ ಮೇಲೆ ಸೆರಗು, ಕೆಲವರ ಕೈಯಲ್ಲಿ ನೂಲುವ ಕದಿರು. ಪಕ್ಕದಲ್ಲಿ ಅವಳ ಹೆಸರು, ತಂದೆಯ ಹೆಸರು, ಕೊನೆಗೆ 'ಅಯ್ಯೋ' ಎಂಬರ್ಥದ ಒಂದು ಪದ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಒಂದು ಮನೆಯವರು ಪಟ್ಟ ದುಃಖ ಅದು. ಅದನ್ನೋದಿ ನಮ್ಮ ಕಣ್ಣು ತೇವವಾಗುವುದು ಸಹಜ. ಆದರೆ ಸಹೋದರಿಯರೇ, ಮುಂದೆ ಪಾಲ್ಮೈರಾದ ಚಿತ್ರ ಕಂಡಾಗ ಅದರ ಪಕ್ಕದ ತದ್ಮುರ್ ಕೂಡಾ ನೆನಪಾಗಲಿ. ಅಲ್ಲಿನ ತಾಯಂದಿರು ಇಂದು ಗೋಡೆ ಬಿದ್ದ ಮನೆಯಲ್ಲಿ ಮತ್ತೆ ಒಲೆ ಹೊತ್ತಿಸಬೇಕಾಗಿದೆ.