ಕಿಟಕಿ ಸೀಟು ಹಿಡಿದು ಕಣ್ಣು ಮುಚ್ಚುವವರಿಗೆ

ನಮ್ಮೂರಲ್ಲಿ ಕೆಂಪು ಬಸ್ಸಿಗೆ ಕಾಯುವಾಗ ನನ್ನ ಕೈಲಿ ಅಪ್ಪನ ಟವೆಲ್ ಇರ್ತಿತ್ತು. ಬಸ್ಸು ನಿಲ್ಲೋ ಮೊದಲೇ ಅದನ್ನ ಒಳಗೆ ಎಸೆದು ಕಿಟಕಿ ಸೀಟು ಹಿಡೀಬೇಕು. ಅಷ್ಟು ಕಷ್ಟಪಟ್ಟು ಹಿಡಿದ ಕಿಟಕಿಯನ್ನ ಮಳೆ ಬಂದಾಗ ಬಿಟ್ಟರೆ ಯಾರೂ ಮುಚ್ಚಿದ್ದು ನಾನು ನೋಡಿಲ್ಲ.

ವಿಮಾನದಲ್ಲಿ ಟವೆಲ್ ಬದಲು ದುಡ್ಡು ಎಸೀತೀವಿ. ಕಿಟಕಿ ಸೀಟಿಗೆ ಟಿಕೆಟ್ ಮೇಲೆ ಮತ್ತೊಂದಿಷ್ಟು ಕೊಟ್ಟು, ಕೂತ ಕೂಡಲೇ ಶೇಡ್ ಎಳೆದು, ಗೋಡೆಗೆ ತಲೆ ಒರಗಿಸಿ ನಿದ್ದೆ! ಹೊರಗೆ ನೋಡುವವನು ಮೊದಲ ಸಲ ಹತ್ತಿದ ಹಳ್ಳಿ ಗಮಾರ ಅಂತ ಒಂದು ಲೆಕ್ಕ. ನನ್ನ ತಕರಾರು ಈ ಲೆಕ್ಕದ ಮೇಲೆ.

'ದುಡ್ಡು ಕೊಟ್ಟಿದ್ದೀನಿ, ನನ್ನಿಷ್ಟ' ಅಂತೀರಾ? ರಾತ್ರಿ ವಿಮಾನವೋ, ತಲೆನೋವೋ, ಮುಖಕ್ಕೆ ಬಿಸಿಲೋ, ಧಾರಾಳವಾಗಿ ಮುಚ್ಚಿ. ಬರೀ ನಿದ್ದೆಯೇ ಬೇಕಿದ್ದರೆ ಬೇರೆ ಸೀಟಿಲ್ಲವೇ ಸ್ವಾಮಿ? ಮೂರು ಜನರ ಸಾಲಿಗೆ ಆಕಾಶ ಕಾಣೋದು ಅದೊಂದೇ ಕಡೆ.

ಹಾಗಂತ ನಾನೇನು ಸಾಚಾ ಅಲ್ಲ. ನವೆಂಬರ್‌ನಲ್ಲಿ ಅಮ್ಮನಿಗೆ ಡಾರ್ಜಿಲಿಂಗ್ ತೋರಿಸಲು ದೆಹಲಿಯಿಂದ ಬಾಗ್‌ಡೋಗ್ರಾ ವಿಮಾನ ಹತ್ತಿದೆ. 'ಮೇಲಿಂದ ಹಿಮಾಲಯ ತೋರಿಸ್ತೀನಿ' ಅಂತ ಊರಿಂದಲೇ ಹೇಳಿಕೊಂಡು ಬಂದಿದ್ದೆ. ಒಂದು ಇಯರ್‌ಫೋನ್ ಕೊಳ್ಳೋಕೆ ನಲವತ್ತು ರಿವ್ಯೂ ಓದುವ ಎಂಜಿನಿಯರ್ ನಾನು, ಕಿಟಕಿ ಅಂದರೆ ಕಿಟಕಿ ಅಂತ 'ಎಫ್' ಸೀಟು ಒತ್ತಿದ್ದೆ. ವಿಮಾನ ಹೋಗೋದು ಪೂರ್ವಕ್ಕೆ. ಹಿಮಾಲಯ ಇರೋದು ಉತ್ತರಕ್ಕೆ, ಅಂದರೆ ಎಡಗಡೆ, 'ಎ' ಕಡೆ. ನಮ್ಮ ಕಡೆ ಬರೀ ಗಂಗಾ ಬಯಲಿನ ಮಬ್ಬು.

'ಎಲ್ಲೋ ಹಿಮಾಲಯ?' ಅಂದಳು ಅಮ್ಮ. ಆಚೆ ಬದಿಯಲ್ಲಿ ಸಾಲು ಸಾಲು ಶೇಡ್ ಮುಚ್ಚಿತ್ತು. 'ಸ್ವಲ್ಪ ತೆಗೀರಿ ಅಂತ ಕೇಳೋ.' ನಾನು ಕೇಳಲಿಲ್ಲ. ನಾಚಿಕೆ ಆಯ್ತು. ನನ್ನ ತಪ್ಪು ಒಂದು, ಆ ಲೆಕ್ಕಕ್ಕೆ ನಾನೂ ಹೆದರಿದ್ದು ಇನ್ನೊಂದು. ಎರಡನೆಯದೇ ದೊಡ್ಡದು.

ಸೀಟು ಆರಿಸೋದು ರಾಕೆಟ್ ವಿಜ್ಞಾನ ಅಲ್ಲ. ಒಂದು ಬದಿಗೆ ಮೂರು ಸೀಟಿರುವ ಏರ್‌ಬಸ್ 320, ಬೋಯಿಂಗ್ 737ರಲ್ಲಿ 'ಎ' ಎಡಗಡೆ, 'ಎಫ್' ಬಲಗಡೆ. ನಕ್ಷೆ ತೆಗೆದು ಹೋಗುವ ದಿಕ್ಕಿಗೆ ಮುಖ ಮಾಡಿ, ಬೇಕಾದ್ದು ಯಾವ ಕೈ ಕಡೆ ಬರುತ್ತೆ ನೋಡಿ. ವಾಪಸ್ ಬರುವಾಗ ಬದಿ ಅದಲುಬದಲು. ಆಮೇಲೆ ಸೂರ್ಯ: ಬೆಳಿಗ್ಗೆ ಬೆಂಗಳೂರಿಂದ ದೆಹಲಿಗೆ ಹೋಗುವಾಗ ಬಿಸಿಲು ಬಲಗಡೆ, ಎಡಗಡೆ ನೆರಳು. ನಡುವಿನ ಸಾಲು ಹಿಡಿದರೆ ಕೆಳಗಿನ ನೆಲದ ಬದಲು ರೆಕ್ಕೆ ನೋಡ್ತೀರಿ, ಹಾಗಾಗಿ ಮುಂದೆ ಇಲ್ಲವೇ ತೀರಾ ಹಿಂದೆ ಕೂರಿ. 737ರಲ್ಲಂತೂ ರೆಕ್ಕೆಯ ಮುಂದೆ ಒಂದು ಕಡೆ ಎಸಿ ಕೊಳವೆ ಹಾಯೋದರಿಂದ ಕಿಟಕಿಯೇ ಇರಲ್ಲ, ಗೋಡೆ. ಸಣ್ಣ ಎಟಿಆರ್ ವಿಮಾನದ ರೆಕ್ಕೆ ತಲೆ ಮೇಲಿರುತ್ತೆ, ಹಾರೋದೂ ತಗ್ಗಿನಲ್ಲಿ. ಕೆರೆ, ಗದ್ದೆ, ರಸ್ತೆ ಚೆನ್ನಾಗಿ ಕಾಣುತ್ತೆ.

ಬರುವಾಗ ಲೆಕ್ಕ ಹಾಕಿಯೇ 'ಎಫ್' ಹಿಡಿದೆ. ಮೇಲೇರಿ ಸ್ವಲ್ಪ ಹೊತ್ತಿಗೆ ಬಲಕ್ಕೆ 8,586 ಮೀಟರ್ ಎತ್ತರದ ಕಾಂಚನಜುಂಗಾ, ಮೋಡದ ಮೇಲೆ ಬೆಳ್ಳಗೆ. ಅಮ್ಮ ಗಾಜಿಗೆ ಹಣೆ ಒತ್ತಿ ಕೂತಳು. ಆಮೇಲೆ ತಿರುಗಿ, ನನ್ನ ಪಕ್ಕ 'ಡಿ' ಸೀಟಲ್ಲಿ ಹೆಡ್‌ಫೋನ್ ಹಾಕಿ ಮೊಬೈಲ್ ನೋಡ್ತಿದ್ದ ಹುಡುಗನನ್ನ ಕೈಮಾಡಿ ಕರೆದಳು. ಕನ್ನಡ ಬಾರದ ಅವನಿಗೆ ಕನ್ನಡದಲ್ಲೇ 'ನೋಡಪ್ಪಾ' ಅಂದಳು. ಅವನು ಹೆಡ್‌ಫೋನ್ ತೆಗೆದು ಬಗ್ಗಿದ.

ನನಗೆ ಅಂದಳು: 'ನೀನು ಹಿಂದೆ ಸರಿ, ಅವನಿಗೂ ಕಾಣಲಿ.'