ಲಾಂಚಿನ ಆಚೆಯ ಊರು



ಕೆಲಮಂಗಲದಿಂದ ಸಾಗರಕ್ಕೆ ವ್ಯಾನಿನಲ್ಲಿ ಒಂದಿಡೀ ದಿನದ ಹಾದಿ. ಅದರಾಚೆ ಶರಾವತಿ ಹಿನ್ನೀರು. 2022ರಲ್ಲಿ ನಾವು ಕೆಲವರು ಹೋದಾಗ, ಅಂಬಾರಗೋಡ್ಲು ದಡದಲ್ಲಿ ವ್ಯಾನನ್ನೇ ಲಾಂಚಿಗೆ ಹತ್ತಿಸಬೇಕಾಯಿತು. ಬಸ್ಸು, ಬೈಕು, ಅಕ್ಕಿ ಮೂಟೆ, ಸಿಗಂದೂರಿಗೆ ಹೊರಟ ಭಕ್ತರು, ನಡುವೆ ಜಪಸರ ಹಿಡಿದ ನಾವು! ಕಳಸವಳ್ಳಿಯಲ್ಲಿಳಿದು ತುಮರಿ ಸೇರಿದೆವು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಈ ಭಾಗದ ಊರುಗಳು ದ್ವೀಪದಂತಾದವು. ನಾಡಿಗೆಲ್ಲ ವಿದ್ಯುತ್ ಸಿಗಲೆಂದು ಗದ್ದೆ, ಮನೆ ನೀರಿಗೆ ಬಿಟ್ಟುಕೊಟ್ಟವರು ಇಲ್ಲಿಯ ಜನ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ? ಅಲ್ಲಿಯ ಅಜ್ಜಿಯೊಬ್ಬರನ್ನು ಕೇಳಿದೆ.

“ಕಾಡು ಸುತ್ತಿ ಹೋಗ್ಬೇಕು ಸ್ವಾಮಿ, ಇಲ್ಲಾಂದ್ರೆ ಬೆಳಗಾಗ್ಲಿ ಅಂತ ದೇವ್ರನ್ನ ಬೇಡ್ಕೋಬೇಕು” ಎಂದರು.

ಬಿರುಗಾಳಿಗೆ ಸಿಕ್ಕ ಶಿಷ್ಯರ ಶುಭಸಂದೇಶವನ್ನು ಎಷ್ಟೋ ಬಾರಿ ಬೋಧಿಸಿದ್ದೇನೆ. ಅವರಿಗೆ ದೋಣಿಯಾದರೂ ಇತ್ತು.

2025ರ ಜುಲೈ 14ರಂದು ಅಲ್ಲಿ ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಸಂತೋಷವೇ. ಆದರೆ ಬೆಳಕು ಕೊಟ್ಟವರನ್ನು ಅರವತ್ತು ವರ್ಷ ದಡದಲ್ಲಿ ಕಾಯಿಸಿದ್ದು ಅನ್ಯಾಯ ಎಂದೇ ನನ್ನ ಅನಿಸಿಕೆ. ಇನ್ನು ಆ ಅಜ್ಜಿಯ ಊರಿಗೆ ನಡುರಾತ್ರಿಯಲ್ಲೂ ಆಂಬ್ಯುಲೆನ್ಸ್ ಹೋಗಬಹುದು.